ಬಾರ್ತೊಲೊ ಮಸ್ಕಾರೆಲ್ಲೊ ಬರೋಲೊ: ನಾಲ್ಕು ತೋಟದ ಹಣ್ಣು, ಒಂದೇ ವೈನ್

ಇಟಲಿಯ ಕೆಂಪು ವೈನಾದ ಬರೋಲೊ ಕೊಳ್ಳಲು ಹೊರಟರೆ ಇವತ್ತು ಸೀಸೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು ತೋಟದ ಹೆಸರು: ಬ್ರುನಾತೆ, ಮೊನ್ವಿಲ್ಯೆರೊ, ವಿನ್ಯಾ ರಿಯೊಂದಾ, ಕನ್ನೂಬಿ. ಗುಡ್ಡ ಎಷ್ಟು ಹೆಸರುವಾಸಿಯೋ ಬೆಲೆಯೂ ಅಷ್ಟು ಮೇಲೆ. ಬಾರ್ತೊಲೊ ಮಸ್ಕಾರೆಲ್ಲೊ ಎಂಬ ವೈನ್ ಮನೆಯವರು ಈ ದಾರಿ ಹಿಡಿದಿಲ್ಲ. ಕನ್ನೂಬಿಯಲ್ಲಿ ಸ್ವಂತ ಬಳ್ಳಿಗಳಿದ್ದರೂ ಆ ಹಣ್ಣನ್ನು ಬೇರೆ ಇಡದೆ, ನಾಲ್ಕು ತೋಟಗಳ ಬೆಳೆಯನ್ನು ಒಟ್ಟಿಗೆ ಹುದುಗಿಸಿ ವರ್ಷಕ್ಕೆ ಒಂದೇ ಬರೋಲೊ ಮಾಡುತ್ತಾರೆ. ಹಳೆಯ ಕ್ರಮದ ನೆಬ್ಬಿಯೋಲೊ (ಬರೋಲೊ ಮಾಡುವ ದ್ರಾಕ್ಷಿ ತಳಿ) ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಮುಂದಿಡಲು ಇದಕ್ಕಿಂತ ಒಳ್ಳೆಯ ಸೀಸೆ ಸಿಗುವುದು ಕಷ್ಟ. ಆದರೆ ತಪ್ಪು ವರ್ಷದ್ದನ್ನು ತಪ್ಪು ಹೊತ್ತಿನಲ್ಲಿ ತೆರೆದರೆ ಕೊಟ್ಟ ದುಡ್ಡಿಗೆ ಒಗರು ಮಾತ್ರ ದಕ್ಕುತ್ತದೆ. ಹಾಗಾಗಿ ಇಲ್ಲಿ ರುಚಿಗೆ ಕೊಟ್ಟಷ್ಟೇ ಜಾಗವನ್ನು ತೆರೆಯುವ ಕ್ರಮಕ್ಕೂ ಕೊಟ್ಟಿದ್ದೇವೆ.

ಜಾಗ ಇಟಲಿಯ ವಾಯವ್ಯ ಮೂಲೆಯ ಪಿಯೆಮೊಂತೆ ಪ್ರಾಂತ್ಯ. ಆಲ್ಬಾ ಪಟ್ಟಣದ ದಕ್ಷಿಣಕ್ಕೆ ಹಬ್ಬಿರುವ ಲಾಂಗೆ ಗುಡ್ಡಗಳ ದ್ರಾಕ್ಷಿ ತೋಟಗಳನ್ನು 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೋಲೊ ಎಂಬುದು ಇಲ್ಲಿನ ಒಂದು ಸಣ್ಣ ಊರು. 11 ಊರುಗಳ ವ್ಯಾಪ್ತಿಯ ವೈನಿಗೂ ಅದೇ ಹೆಸರು. ಮಸ್ಕಾರೆಲ್ಲೊ ಮನೆ ಊರೊಳಗಿನ ವಿಯಾ ರೋಮಾ ಬೀದಿಯಲ್ಲಿದೆ. ಜೂಲಿಯೊ ಮಸ್ಕಾರೆಲ್ಲೊ 1918ರಲ್ಲಿ ಶುರು ಮಾಡಿದ್ದು, ಮಗ ಬಾರ್ತೊಲೊ ಬೆಳೆಸಿದ್ದು, 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮರಿಯಾ ತೆರೇಸಾ ನಡೆಸುತ್ತಿರುವುದು. ಒಟ್ಟು ಜಮೀನು ಸುಮಾರು 5 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆ ಎಕರೆಯ ಆಸುಪಾಸು. ಕನ್ನೂಬಿ, ಸಾನ್ ಲೊರೆಂಝೊ, ರುಯೆ ಎಂಬ ಮೂರು ತೋಟಗಳು ಬರೋಲೊ ಊರಿನವು. ನಾಲ್ಕನೆಯ ರೊಕ್ಕೆ ಪಕ್ಕದ ಲಾ ಮೊರಾದ್ದು.

ಈ ಬೆರಕೆಯೇ ಮನೆಯ ನಿಲುವು. ಒಂದೇ ತೋಟದ ಹೆಸರಲ್ಲಿ ಬರೋಲೊ ಮಾರುವ ಪದ್ಧತಿ ಬೇರೂರಿದ್ದು 1960ರ ದಶಕದಿಂದ ಈಚೆಗೆ. ಪ್ರುನೊತ್ತೊ ಮನೆಯವರ ಬುಸ್ಸಿಯಾ, ವಿಯೆತ್ತಿ ಮನೆಯವರ ರೊಕ್ಕೆ ದಿ ಕಾಸ್ತಿಲ್ಯೋನೆ (ಲಾ ಮೊರಾದ ರೊಕ್ಕೆ ಅಲ್ಲ) ಎರಡೂ 1961ರ ಬೆಳೆಯವು. ಅದಕ್ಕೂ ಮೊದಲು ಹಲವು ಇಳಿಜಾರುಗಳ ಹಣ್ಣನ್ನು ಕೂಡಿಸುವುದೇ ರೂಢಿಯಾಗಿತ್ತು, ಅದಕ್ಕೆ ಗಟ್ಟಿ ಕಾರಣವೂ ಇತ್ತು. ಲಾ ಮೊರಾ ಕಡೆಯ ನೀಲಿ ಛಾಯೆಯ ಸುಣ್ಣಮಿಶ್ರಿತ ಜೇಡಿಯಲ್ಲಿ ನೆಬ್ಬಿಯೋಲೊ ಪರಿಮಳ ಹೆಚ್ಚು ಕೊಡುತ್ತದೆ, ಬೇಗ ಮೃದುವಾಗುತ್ತದೆ. ಪೂರ್ವದ ಸೆರಲುಂಗಾ ಕಡೆಯ ಹಳೆಯ, ಬಡ ಮಣ್ಣಿನಲ್ಲಿ ಬೆಳೆದದ್ದು ಬಿಗಿ, ನಿಧಾನ. ಕನ್ನೂಬಿ ಗುಡ್ಡ ಈ ಎರಡು ಬಗೆಯ ಮಣ್ಣು ಸಂಧಿಸುವ ಜಾಗ. ಒಂದು ವರ್ಷ ಬಿಸಿಲು ಜಾಸ್ತಿಯಾಗಿ ಒಂದು ಇಳಿಜಾರು ಬಳಲಿದರೆ ಇನ್ನೊಂದು ಅದನ್ನು ತೂಗಿಸುತ್ತದೆ. ಸಿದ್ಧವಾದ ವೈನುಗಳನ್ನು ಕೊನೆಯಲ್ಲಿ ಅಳೆದು ಬೆರೆಸುವುದಕ್ಕೂ ಹಣ್ಣನ್ನೇ ಒಂದೇ ತೊಟ್ಟಿಗೆ ಹಾಕಿ ಹುದುಗಿಸುವುದಕ್ಕೂ ವ್ಯತ್ಯಾಸವಿದೆ: ಎರಡನೆಯದರಲ್ಲಿ ರುಚಿಯ ಅಂಚುಗಳು ಮೊದಲ ದಿನದಿಂದಲೇ ಕೂಡಿಕೊಳ್ಳುತ್ತವೆ. ಈ ವೈನಿನಲ್ಲಿ ಪರಿಮಳ ಎಲ್ಲಿ ಮುಗಿದು ಬಿಗಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗದಿರುವುದು ಅದರಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಬರೋಲೊದ ಕಾನೂನು ಕೇಳುವುದು ಇಷ್ಟು: ನೂರಕ್ಕೆ ನೂರು ನೆಬ್ಬಿಯೋಲೊ, ಹೆಕ್ಟೇರಿಗೆ ಹೆಚ್ಚೆಂದರೆ 8 ಟನ್ ಹಣ್ಣು, ಕೊಯ್ಲಿನ ವರ್ಷದ ನವೆಂಬರ್ 1ರಿಂದ 38 ತಿಂಗಳ ಮಾಗುವಿಕೆ, ಅದರಲ್ಲಿ ಕನಿಷ್ಠ 18 ತಿಂಗಳು ಮರದಲ್ಲಿ. ಅಂದರೆ 2019ರ ಹಣ್ಣು ಬರೋಲೊ ಎನಿಸಿಕೊಳ್ಳುವುದು 2023ರ ಜನವರಿಯಿಂದ. ಯಾವ ಮರ, ಎಷ್ಟು ದೊಡ್ಡ ಪೀಪಾಯಿ, ಸಿಪ್ಪೆಯ ಜತೆ ಎಷ್ಟು ದಿನ ಎಂಬುದನ್ನು ಕಾನೂನು ಮಾಡುವವರಿಗೇ ಬಿಟ್ಟಿದೆ. ಸಾಂಪ್ರದಾಯಿಕ, ಆಧುನಿಕ ಎಂಬ ಜಗಳ ಹುಟ್ಟಿದ್ದು ಈ ಖಾಲಿ ಜಾಗದಲ್ಲೇ.

1980 ಮತ್ತು 90ರ ದಶಕಗಳಲ್ಲಿ ಲಾಂಗೆಯ ಅನೇಕ ಮನೆಗಳು ಸಿಪ್ಪೆಯ ಜತೆಗಿನ ಕಾಲವನ್ನು ಒಂದು ವಾರದ ಆಸುಪಾಸಿಗೆ ಇಳಿಸಿ, 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿಗಳಿಗೆ, ಅಂದರೆ ಬರೀಕ್‌ಗಳಿಗೆ ಹೋದವು. ಬಣ್ಣ ಗಾಢವಾಯಿತು, ಸೀಸೆ ಬೇಗ ಕುಡಿಯಲು ಬಂತು, ಹೊರದೇಶದ ಮಾರುಕಟ್ಟೆ ತೆರೆಯಿತು. ಜತೆಗೆ ವೆನಿಲ್ಲಾ, ಸುಟ್ಟ ಮರದ ವಾಸನೆಯೂ ಬಂತು. ಬಾರ್ತೊಲೊ ಇದಕ್ಕೆ ತಲೆಬಾಗಲಿಲ್ಲ. ಕೈಯಾರೆ ಚಿತ್ರ ಬರೆದು ಅವರು ಮಾಡಿದ ‘ನೋ ಬರೀಕ್, ನೋ ಬೆರ್ಲುಸ್ಕೋನಿ’ (ಬೆರ್ಲುಸ್ಕೋನಿ ಅಂದರೆ ಇಟಲಿಯ ರಾಜಕಾರಣಿ) ಲೇಬಲ್ ಇವತ್ತು ಸಂಗ್ರಾಹಕರ ವಸ್ತು. ಲೇಬಲ್ಲಿನ ಮಾತನ್ನು ತಮಾಷೆಯೆಂದು ಬದಿಗಿಡಬಾರದು. ಅದರ ಹಿಂದೆ ಸರಳ ಲೆಕ್ಕವಿದೆ. ಪೀಪಾಯಿ ದೊಡ್ಡದಾದಂತೆ ಪ್ರತಿ ಲೀಟರ್ ವೈನಿಗೆ ತಾಗುವ ಮರದ ಹರವು ಕಡಿಮೆಯಾಗುತ್ತದೆ. ಒಂದೇ ಆಕಾರದ್ದೆಂದು ಲೆಕ್ಕ ಹಾಕಿದರೆ 5,000 ಲೀಟರಿನ ಪೀಪಾಯಿಯಲ್ಲಿ ಅದು ಬರೀಕ್‌ನ ಸುಮಾರು ಮೂರನೆಯ ಒಂದು ಪಾಲು. ಹಲಗೆಯೂ ದಪ್ಪ, ಮರವೂ ಹಳತು. ಹಾಗಾಗಿ ಕ್ರೊಯೇಷಿಯಾದ ಸ್ಲವೋನಿಯಾ ಓಕ್‌ನ ದೊಡ್ಡ ಪೀಪಾಯಿಯಲ್ಲಿ ವೈನು ನಿಧಾನವಾಗಿ ಉಸಿರಾಡುತ್ತಾ ಒಗರು ಕೊಡುವ ಟ್ಯಾನಿನ್ ಅಂಶವನ್ನು ಸಡಿಲಿಸಿಕೊಳ್ಳುತ್ತದೆ, ಮರದ ರುಚಿಯನ್ನು ಹೀರುವುದಿಲ್ಲ.

ಅದಕ್ಕೂ ಮೊದಲಿನ ಹಂತ ಇನ್ನೂ ಮುಖ್ಯ. ಈ ಮನೆಯಲ್ಲಿ ಹುದುಗುವುದು ಹಳೆಯ ಕಾಂಕ್ರೀಟ್ ತೊಟ್ಟಿಗಳಲ್ಲಿ, ಹಣ್ಣಿನ ಮೇಲಿನ ಮತ್ತು ಕೋಣೆಯ ಈಸ್ಟ್‌ನಿಂದಲೇ, ತಾಪ ನಿಯಂತ್ರಿಸುವ ಯಂತ್ರವಿಲ್ಲದೆ. ದಪ್ಪ ಗೋಡೆಯ ಕಾಂಕ್ರೀಟ್ ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಹೀಗಾಗಿ ಹುದುಗು ಏಕಪ್ರಕಾರ ನಡೆಯುತ್ತದೆ. ಅಪಾಯ ಇಲ್ಲದಿಲ್ಲ. ತೊಟ್ಟಿ 35 ಡಿಗ್ರಿ ದಾಟಿದರೆ ಈಸ್ಟ್ ಸೋಲುತ್ತದೆ, ಸಕ್ಕರೆ ಅರ್ಧಕ್ಕೆ ಉಳಿಯುತ್ತದೆ, ಆ ಸಂದಿನಲ್ಲಿ ಬ್ಯಾಕ್ಟೀರಿಯಾ ಹೊಕ್ಕು ವಿನೆಗರ್ ವಾಸನೆ ಹುಟ್ಟಿಸುತ್ತದೆ. ಅದನ್ನು ತಡೆಯಲು ರಸವನ್ನು ಕೆಳಗಿಂದ ತೆಗೆದು ತೇಲುವ ಸಿಪ್ಪೆಯ ಮೇಲೆ ಸುರಿಯುತ್ತಿರಬೇಕು, ಹೊತ್ತು ಹೊತ್ತಿಗೆ ತಾಪ ನೋಡುತ್ತಿರಬೇಕು. ಸಕ್ಕರೆ ಮುಗಿದ ಮೇಲೂ ಸಿಪ್ಪೆಯನ್ನು ವಾರಗಟ್ಟಲೆ ಬಿಡುತ್ತಾರೆ. ಒಟ್ಟು ಒಂದು ತಿಂಗಳು, ಕೆಲವು ವರ್ಷ ಇನ್ನೂ ಹೆಚ್ಚು. ಇಷ್ಟು ದಿನ ಬಿಟ್ಟರೆ ಒಗರು ಮಿತಿಮೀರುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಮೊದಲ ದಿನಗಳಲ್ಲಿ ಏರುವುದು ನಿಜ. ಆಮೇಲೆ ಟ್ಯಾನಿನ್ ಕಣಗಳು ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗುತ್ತವೆ, ಕೆಲವು ಸತ್ತ ಈಸ್ಟ್‌ಗೆ ಅಂಟಿ ಗಸಿಯಾಗಿ ತಳ ಸೇರುತ್ತವೆ. ಉಳಿಯುವುದು ಕಹಿಯಿಲ್ಲದ, ಉದ್ದನೆಯ ಒಗರು.

ಈಗ ಲೋಟಕ್ಕೆ ಬರೋಣ. ಮೊದಲ ಸಲ ನೋಡುವವರು ಬಣ್ಣ ನೋಡಿಯೇ ಅನುಮಾನ ಪಡುತ್ತಾರೆ: ನಡುವೆ ತೆಳು ಮಾಣಿಕ್ಯ, ಅಂಚಿನಲ್ಲಿ ಆಗಲೇ ಇಟ್ಟಿಗೆ ಕೆಂಪು. ಲೋಟದ ಹಿಂದಿಟ್ಟ ಅಕ್ಷರ ಓದಬಹುದು. ಇದು ವೈನು ಹಾಳಾದ ಗುರುತಲ್ಲ. ನೆಬ್ಬಿಯೋಲೊ ಸಿಪ್ಪೆಯ ವರ್ಣದ್ರವ್ಯವೇ ಕಡಿಮೆ, ಇರುವುದೂ ಗಾಳಿಗೆ ಬೇಗ ಸೋಲುವ ಜಾತಿಯದು. ಹತ್ತು ವರ್ಷದ ಬರೋಲೊ ಕಡು ನೇರಳೆಯಾಗಿ ಕಂಡರೆ ಆಗ ಅನುಮಾನ ಪಡಿ. ಮೂಗಿಗೆ ಒಣ ಗುಲಾಬಿ, ಹುಳಿ ಚೆರ್ರಿ, ಕಿತ್ತಳೆ ಸಿಪ್ಪೆ, ಜ್ಯೇಷ್ಠಮಧು, ಹಿಂದೆ ಡಾಂಬರಿನ ಒಂದು ಎಳೆ. ವಯಸ್ಸಾದಂತೆ ತಂಬಾಕು, ಒದ್ದೆ ಎಲೆ, ಅಣಬೆ. ಬಾಯಿಗೆ ಬಂದಾಗ ಹಗುರವೆನಿಸಿದ ವೈನು ಎರಡು ಕ್ಷಣದಲ್ಲಿ ವಸಡನ್ನು ಹಿಡಿಯುತ್ತದೆ, ಎಳೆ ಅಡಿಕೆ ಜಗಿದಾಗಿನ ಹಾಗೆ. ಒಗರಿನ ಬೆನ್ನಿಗೇ ಹುಳಿ ಏರಿ ಬಾಯಲ್ಲಿ ನೀರೂರಬೇಕು. ಒಗರು ನಿಂತು, ಹುಳಿ ಬಾರದೆ, ಬಾಯಿ ಒಣಗಿಯೇ ಉಳಿದರೆ ಆ ಸೀಸೆ ಅಥವಾ ಆ ಹೊತ್ತು ಸರಿಯಿಲ್ಲ.

ವರ್ಷಗಳ ನಡುವೆ ವ್ಯತ್ಯಾಸ ದೊಡ್ಡದು, ಕೊಳ್ಳುವವರು ಎಡವುವುದೂ ಇಲ್ಲೇ. 2016ರ ಬೆಳೆಗೆ ದೀರ್ಘ ಋತು, ಸೆಪ್ಟೆಂಬರಿನ ತಂಪು ರಾತ್ರಿ, ಅಕ್ಟೋಬರ್ ಕೊಯ್ಲು ಸಿಕ್ಕಿತು; ಹೊಗಳಿಕೆ ಕೇಳಿ ಎಲ್ಲರೂ ಹುಡುಕುವುದು ಇದನ್ನೇ. ನಮ್ಮ ಸಲಹೆ: ಸಿಕ್ಕರೆ ಕೊಂಡು ಮಲಗಿಸಿ, ಈಗ ತೆರೆಯಬೇಡಿ. ಈ ಹಂತದಲ್ಲಿ ಅದು ಮುಚ್ಚಿಕೊಂಡಿರುತ್ತದೆ, ಹಣ್ಣು ಅಡಗಿ ಬರೀ ಕಟ್ಟು ಕಾಣುತ್ತದೆ. 2010 ಕೂಡ ಅದೇ ಗೋತ್ರದ್ದು. ಈಗ ಬಾಗಿಲು ತೆರೆಯುತ್ತಿದೆ, ಆದರೆ ಗಂಟೆಗಳ ಗಾಳಿ ಕೇಳುತ್ತದೆ. 2017 ಬಿಸಿಯ, ಬರದ ವರ್ಷ. ಹಣ್ಣು ಬೇಗ ಮಾಗಿತು, ವೈನು ಉದಾರವಾಗಿದೆ, ಕೊನೆಯಲ್ಲಿ ಸ್ವಲ್ಪ ಒರಟು ಒಗರು ಉಳಿಯುತ್ತದೆ. 2018ರಲ್ಲಿ ವಸಂತದ ಮಳೆ ಬೂಜುರೋಗ ತಂದು ಬೆಳೆಗಾರರನ್ನು ಕಾಡಿತು. ಬಂದ ವೈನು ತೆಳು ಮೈಯದು, ಪರಿಮಳ ಮಾತ್ರ ಧಾರಾಳ. ಈಗ ಕುಡಿಯಲು ಕೊಳ್ಳುವವರಿಗೆ ಮೊದಲ ಆಯ್ಕೆ. 2014 ತಂಪಾದ, ಮಳೆಯ ಬೇಸಿಗೆಯ ವರ್ಷವೆಂದು ಬಿಡುಗಡೆಗೆ ಮೊದಲೇ ಮೂಲೆಗೆ ಸರಿಯಿತು. ಈ ಮನೆಯ 2014ರ ಮಟ್ಟಿಗೆ ಅದು ದೊಡ್ಡ ಅನ್ಯಾಯ. ಕೊಳೆತ ಹಣ್ಣನ್ನು ಆರಿಸಿ ಎಸೆಯುವ ತಾಳ್ಮೆ ಇದ್ದವರಿಗೆ ಆ ವರ್ಷ ಸಪೂರವಾದ, ಸ್ಪಷ್ಟವಾದ ವೈನು ಕೊಟ್ಟಿತು, ಈಗ ಅದು ಹದದಲ್ಲಿದೆ.

ತೆರೆಯುವ ಕ್ರಮ. ಸೀಸೆಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಪ್ರಯಾಣ ಮಾಡಿ ಬಂದ ಸೀಸೆಯಾದರೆ ಎರಡು ವಾರ ಅಲುಗಾಡಿಸದೆ ಬಿಡಿ. ನೆಬ್ಬಿಯೋಲೊದ ಗಸಿ ಬಹಳ ನವಿರು, ಕಲಕಿದರೆ ವೈನು ಮಬ್ಬಾಗಿ ನಾಲಗೆಗೆ ಕಹಿ ಪುಡಿ ತಾಗುತ್ತದೆ. 20 ವರ್ಷ ದಾಟಿದ ಸೀಸೆಗೆ ಸಾಮಾನ್ಯ ತಿರುಪು ಬೇಡ. ಕಾರ್ಕ್ ಒದ್ದೆಯಾಗಿ ಮೆತ್ತಗಾಗಿರುತ್ತದೆ, ನಡುವೆ ತಿರುಪು ಹೊಕ್ಕರೆ ಪುಡಿಯಾಗುತ್ತದೆ. ಎರಡು ತೆಳು ಅಲಗುಗಳ ಕೀಲಿಯನ್ನು ಕಾರ್ಕ್‌ನ ಎರಡೂ ಬದಿಗೆ ಇಳಿಸಿ, ನಿಧಾನ ತಿರುಗಿಸುತ್ತಾ ಮೇಲೆತ್ತಿ. ಮೊದಲು 50 ಮಿ.ಲೀ. ಸುರಿದುಕೊಂಡು ಮೂಸಿ, ಮುಂದೇನು ಎಂಬುದನ್ನು ಆ ಮೂಗೇ ಹೇಳುತ್ತದೆ.

ಹತ್ತು ವರ್ಷಕ್ಕಿಂತ ಚಿಕ್ಕದಾದರೆ ಅಗಲ ಬುಡದ ಡಿಕ್ಯಾಂಟರ್‌ಗೆ (ವೈನಿಗೆ ಗಾಳಿಯಾಡಿಸುವ ಗಾಜಿನ ಹೂಜಿ) ಸುರಿದು ಮೂರು ನಾಲ್ಕು ಗಂಟೆ ಬಿಡಿ. ಹತ್ತರಿಂದ ಇಪ್ಪತ್ತು ವರ್ಷದ್ದಕ್ಕೆ ಎರಡು ಗಂಟೆ ಸಾಕು. ಅದಕ್ಕೂ ಹಳೆಯದಾದರೆ ಡಿಕ್ಯಾಂಟರ್ ಬೇಡ: ಬೆಳಿಗ್ಗೆ ಕಾರ್ಕ್ ತೆಗೆದು, ಒಂದು ಗುಟುಕಿನಷ್ಟು ಸುರಿದು ಮಟ್ಟ ಕತ್ತಿನಿಂದ ಕೆಳಗಿಳಿಸಿ, ತಂಪು ಜಾಗದಲ್ಲಿ ಹಾಗೇ ಸಂಜೆವರೆಗೆ ಬಿಡಿ. ಹಳೆಯ ವೈನಿನ ಪರಿಮಳ ಒಮ್ಮೆಲೇ ಗಾಳಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ಆರಿಹೋಗಬಹುದು. ಸುರಿಯುವಾಗ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಒಂದೇ ಓಟದಲ್ಲಿ ಸುರಿದು, ಗಸಿಯ ಗೆರೆ ಕಂಡ ಕೂಡಲೇ ನಿಲ್ಲಿಸಿ. ಕೊನೆಯ 40–50 ಮಿ.ಲೀ. ಉಳಿಸಲು ಹೋಗಿ ಉಳಿದದ್ದನ್ನು ಕೆಡಿಸಬೇಡಿ. ಲೋಟ ಅಗಲ ಹೊಟ್ಟೆಯದಿರಲಿ, ಮೂರನೆಯ ಒಂದು ಪಾಲು ಮಾತ್ರ ತುಂಬಿ. ತಾಪ 16ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಕೋಣೆಯ ತಾಪದಲ್ಲಿ ಕೊಟ್ಟರೆ ಮದ್ಯಸಾರವೇ ಮೂಗಿಗೆ ಹೊಡೆಯುತ್ತದೆ, ಫ್ರಿಜ್ಜಿನಿಂದ ನೇರ ತೆಗೆದು ಕೊಟ್ಟರೆ ಒಗರು ಎರಡು ಪಟ್ಟು ಕಾಣುತ್ತದೆ. ಫ್ರಿಜ್ಜಿನಿಂದ ತೆಗೆದು ಸುಮಾರು ಒಂದು ಗಂಟೆ ಹೊರಗಿಟ್ಟು ಥರ್ಮಾಮೀಟರ್ ಹಾಕಿ ನೋಡುವುದು ಒಳ್ಳೆಯದು.

ದೋಷಗಳನ್ನು ಗುರುತಿಸಲು ಗೊತ್ತಿರಬೇಕು. ಒದ್ದೆ ರಟ್ಟು, ಹಳೆಯ ನೆಲಮಾಳಿಗೆಯ ಮುಗ್ಗಲು ವಾಸನೆ ಬಂದರೆ ಅದು ಕಾರ್ಕ್‌ನಿಂದ ಬರುವ ಟಿಸಿಎ ಎಂಬ ರಾಸಾಯನಿಕ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಹಣ್ಣಿನ ಪರಿಮಳವನ್ನು ನುಂಗುತ್ತದೆ, ಗಾಳಿಗೆ ಬಿಟ್ಟಷ್ಟೂ ಹೆಚ್ಚುತ್ತದೆ. ಅಂಥದ್ದಕ್ಕೆ ಮದ್ದಿಲ್ಲ, ಹೋಟೆಲಿನಲ್ಲಾದರೆ ಸೀಸೆ ಬದಲಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಮೊಟ್ಟೆ ಅಥವಾ ಕಡ್ಡಿಪೆಟ್ಟಿಗೆಯ ವಾಸನೆಯಾದರೆ ಗಾಬರಿ ಬೇಡ, ಗಾಳಿಯಿಲ್ಲದೆ ಬಿಗಿದುಕೊಂಡದ್ದು ಅಷ್ಟೇ; ಒಂದು ಗಂಟೆಯಲ್ಲಿ ಹೋಗುತ್ತದೆ. ಉಗುರಿನ ಬಣ್ಣ ಒರೆಸುವ ದ್ರವದಂಥ ವಾಸನೆ ತೆಳುವಾಗಿದ್ದರೆ ಹಳೆಯ ಬರೋಲೊದಲ್ಲಿ ಸಹಿಸಬಹುದು, ಮುಂದೆ ನಿಂತರೆ ಕೆಟ್ಟಿದೆ. ಕಾರ್ಕ್ ಸೀಸೆಯ ಬಾಯಿಂದ ಮೇಲೆದ್ದಿದ್ದರೆ, ಅದರ ಬದಿಯಲ್ಲಿ ವೈನು ಹರಿದ ಕಲೆಯಿದ್ದರೆ, ರುಚಿ ಬೇಯಿಸಿದ ಜಾಮ್‌ನಂತಿದ್ದರೆ ದಾರಿಯಲ್ಲಿ ಬಿಸಿ ತಾಗಿದೆ ಎಂದೇ ಅರ್ಥ. ಭಾರತದಲ್ಲಿ ಕೈಗೆ ಸಿಗುವ ಒಳ್ಳೆಯ ವೈನುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ.

ಕೊಳ್ಳುವಾಗ ಮೂರು ನೋಡಿ. ಕತ್ತಿನ ಮೇಲೆ ಸಂಖ್ಯೆಯಿರುವ ಡಿಒಸಿಜಿ (ಇಟಲಿಯ ವೈನುಗಳ ಅತ್ಯುನ್ನತ ದರ್ಜೆ) ಸರ್ಕಾರಿ ಪಟ್ಟಿ ಇದೆಯೇ. ಬರೋಲೊಗೆ ಆ ದರ್ಜೆ ಬಂದದ್ದು 1980ರಲ್ಲಿ, ಅದಕ್ಕೂ ಹಳೆಯ ಸೀಸೆಯಲ್ಲಿ ಹುಡುಕಬೇಡಿ. ವೈನಿನ ಮಟ್ಟ ಕಾರ್ಕ್‌ನ ಬುಡದಿಂದ ಎಷ್ಟು ಕೆಳಗಿದೆ; 20 ವರ್ಷದ ಸೀಸೆಯಲ್ಲಿ 3 ಸೆಂ.ಮೀ. ಸಹಜ, 5 ದಾಟಿದರೆ ಬಿಡಿ. ಮಾರುವವರು ಎಲ್ಲಿಂದ ತಂದರು, ಎಲ್ಲಿ ಇಟ್ಟಿದ್ದರು ಎಂಬುದಕ್ಕೆ ನೇರ ಉತ್ತರ ಕೊಡುತ್ತಾರೆಯೇ. ಬೆಲೆ ಯುರೋಪಿನಲ್ಲೇ ನೂರಾರು ಯೂರೋ ಮುಟ್ಟಿದೆ, ನಕಲಿಗೆ ಆಸೆ ಹುಟ್ಟಿಸುವಷ್ಟು. ಇದು ಆ ಬೆಲೆಗೆ ತಕ್ಕದ್ದೇ? ವೈನು ಶ್ರೇಷ್ಠ, ಸಂದೇಹವಿಲ್ಲ. ಆದರೆ ಮರುಮಾರಾಟದ ಬೆಲೆ ಬೆಳೆಗಾರರಿಗೆ ಸೇರುವುದಲ್ಲ, ಹರಾಜು ಮತ್ತು ದಲ್ಲಾಳಿಗಳ ಜೇಬಿಗೆ ಹೋಗುವುದು. ಆ ಮಟ್ಟದಲ್ಲಿ ಕೊಳ್ಳಲು ನಾವು ಹೇಳುವುದಿಲ್ಲ. ಲಾಂಗೆಯ ಊಟದ ಮನೆಗಳ ವೈನ್ ಪಟ್ಟಿಯಲ್ಲಿ ಹುಡುಕುವುದು ಜಾಣತನ. ಅಲ್ಲಿ ಬೆಲೆ ಎಷ್ಟೋ ಸಲ ಅಂಗಡಿಗಿಂತ ನ್ಯಾಯವಾಗಿರುತ್ತದೆ, ಸೀಸೆಯೂ ಊರು ಬಿಟ್ಟು ಅಲೆದಿರುವುದಿಲ್ಲ.

ಊರಿಗೆ ತರುವುದಾದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್ ಮದ್ಯಕ್ಕೆ ಅವಕಾಶ. 750 ಮಿ.ಲೀ. ಸೀಸೆ ಎರಡು ಬರುತ್ತವೆ, ಮೂರನೆಯದಕ್ಕೆ ಮಿತಿ ದಾಟುತ್ತದೆ. ಮನೆಯಲ್ಲಿ 12ರಿಂದ 14 ಡಿಗ್ರಿಯ ವೈನ್ ಫ್ರಿಜ್ ಇಲ್ಲದಿದ್ದರೆ ವರ್ಷಗಟ್ಟಲೆ ಕಾಯಿಸುವ ಆಸೆ ಬಿಡಿ. ಸಾಮಾನ್ಯ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಕೆಲವು ವಾರ ಇಡಬಹುದು, ಅದಕ್ಕಿಂತ ಹೆಚ್ಚಿಗೆ ಅದು ತೀರಾ ತಣ್ಣಗೆ, ತೀರಾ ಒಣ.

ಇದು ಊಟದ ಜತೆಯ ವೈನು. ಬಾಯಿಯ ಎಂಜಲಿನ ಪ್ರೋಟೀನಿಗೆ ಟ್ಯಾನಿನ್ ಅಂಟುವುದರಿಂದಲೇ ಒಗರು ಹುಟ್ಟುವುದು. ತಟ್ಟೆಯಲ್ಲಿ ಪ್ರೋಟೀನ್, ಕೊಬ್ಬು ಇದ್ದರೆ ಟ್ಯಾನಿನ್ ಅದಕ್ಕೆ ಅಂಟಿ ಬಾಯಿ ಬಿಡುಗಡೆಯಾಗುತ್ತದೆ. ಲಾಂಗೆಯಲ್ಲಿ ಇದಕ್ಕೆ ತಾಯರಿನ್, ಅಂದರೆ ಒಂದು ಕಿಲೊ ಹಿಟ್ಟಿಗೆ 30ರವರೆಗೆ ಮೊಟ್ಟೆಯ ಹಳದಿ ಹಾಕಿ ಮಾಡುವ ಸಪೂರ ಶಾವಿಗೆಯಂಥ ಪಾಸ್ತಾ, ಬೆಣ್ಣೆಯಲ್ಲಿ ಹೊರಳಿಸಿದ್ದು. ಇಲ್ಲವೇ ಕೆಂಪು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ. ಕೊನೆಗೆ ಕಾಸ್ತೆಲ್ಮಾನ್ಯೊ ಚೀಸ್. ನಮ್ಮ ಅಡುಗೆಯಲ್ಲಿ ಖಾರದ ಮೆಣಸಿನಕಾಯಿ ಇದಕ್ಕೆ ಶತ್ರು: ಒಗರನ್ನೂ ಮದ್ಯಸಾರದ ಉರಿಯನ್ನೂ ಏರಿಸುತ್ತದೆ. ಕೊಡಗಿನ ಪಂದಿ ಕರಿಯನ್ನು ಹಸಿಮೆಣಸು ತಗ್ಗಿಸಿ, ಕಾಳುಮೆಣಸು ಮತ್ತು ಕಾಚಂಪುಳಿಯ ಮೇಲೆ ನಿಲ್ಲಿಸಿ ಮಾಡಿದರೆ ಕೊಬ್ಬು, ಹುಳಿ ಎರಡೂ ವೈನಿಗೆ ಹೊಂದುತ್ತವೆ. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಹುರಿದ ಅಣಬೆ, ಹಳೆಯ ಚೀಸ್. ಸಿಹಿ, ತೆಂಗಿನ ಹಾಲಿನ ಸಾಗು ಇದರ ಪಕ್ಕ ಇಡಬೇಡಿ.

ಬರೋಲೊ ಕೈಗೆಟುಕದಿದ್ದರೆ ಅದೇ ಮನೆಯ ಬೇರೆ ಸೀಸೆಗಳಿವೆ. ಲಾಂಗೆ ನೆಬ್ಬಿಯೋಲೊ ಅದೇ ಹಣ್ಣಿನ ಸಣ್ಣ ದನಿ, ಎರಡು ಮೂರು ವರ್ಷಕ್ಕೇ ಕುಡಿಯಬಹುದು. ದೊಲ್ಚೆತ್ತೊ ಹುಳಿ ಕಡಿಮೆ, ಕೊನೆಯಲ್ಲಿ ಬಾದಾಮಿ ಸಿಪ್ಪೆಯ ಹಿತವಾದ ಕಹಿ. ಬಾರ್ಬೆರಾ ಅದರ ತದ್ವಿರುದ್ಧ, ಒಗರು ಕಡಿಮೆ, ಹುಳಿ ಚುರುಕು; ಟೊಮೆಟೊ ಹಾಕಿದ ಯಾವ ಅಡುಗೆಗೂ ಸೈ. ನಮ್ಮ ಪ್ರೀತಿ ಫ್ರೇಯ್ಸಾ ಮೇಲೆ. ವಂಶವಾಹಿ ಪರೀಕ್ಷೆಯಲ್ಲಿ ನೆಬ್ಬಿಯೋಲೊಗೆ ತೀರಾ ಹತ್ತಿರದ ಸಂಬಂಧಿ ಎಂದು ತಿಳಿದುಬಂದ ತಳಿ ಇದು. ಕಾಡು ಹಣ್ಣಿನ ಪರಿಮಳ, ಒರಟು ಒಗರು, ಸ್ವಲ್ಪ ತಣ್ಣಗೆ 14–15 ಡಿಗ್ರಿಯಲ್ಲಿ ಕುಡಿದರೆ ಸೊಗಸು. ಈ ತಳಿ ಬೆಳೆಸುವವರು ಕಡಿಮೆಯಾಗುತ್ತಿರುವಾಗ ಈ ಮನೆ ಕೈಬಿಟ್ಟಿಲ್ಲ ಎಂಬುದಕ್ಕೂ ಒಂದು ಸೀಸೆ ಕೊಳ್ಳಬಹುದು.

ಬರೋಲೊ ತೆರೆದ ರಾತ್ರಿ ಎಲ್ಲವನ್ನೂ ಮುಗಿಸಬೇಡಿ. ತೆರೆದ ಕೂಡಲೇ, ಒಂದು ಗಂಟೆಗೆ, ಮೂರು ಗಂಟೆಗೆ, ಊಟದ ನಡುವೆ ಹೀಗೆ 60 ಮಿ.ಲೀ.ನಂತೆ ಸುರಿದು ನೋಡಿದರೆ ಅದು ಬದಲಾಗುವ ಬಗೆ ತಿಳಿಯುತ್ತದೆ. ಕಾಲು ಸೀಸೆಯನ್ನು ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಹದಿನೈದು ವರ್ಷದೊಳಗಿನ ಸೀಸೆಯಾದರೆ ಮರುದಿನ ಗುಲಾಬಿ ಮೊದಲ ದಿನಕ್ಕಿಂತ ಸ್ಪಷ್ಟವಾಗಿ ಬರುತ್ತದೆ, ಒಗರು ಒಂದು ಹೆಜ್ಜೆ ಹಿಂದೆ ಸರಿದಿರುತ್ತದೆ. ಬದಲಿಗೆ ಸೇಬು ಕೊಯ್ದಿಟ್ಟು ಕಂದಿದ ವಾಸನೆ ಬಂದರೆ ಆ ಸೀಸೆ ತನ್ನ ಕಾಲ ದಾಟುತ್ತಿದೆ. ಅದೇ ಪೆಟ್ಟಿಗೆಯಲ್ಲಿ ಉಳಿದವುಗಳಿದ್ದರೆ ಈ ವರ್ಷವೇ ತೆರೆಯಿರಿ.